ಹಂಡೆಯ ಹಿಂದೆ ಹೊರಟ ಹಾವಿಸ್

ವೇಲ್ಸ್ ಗಡಿಯ ನಮ್ಮ ಕ್ಲನ್‌ಫರ್ಡ್‌ನಲ್ಲಿ ಬಾರ್ಲಿ ಹೆಂಡ ಕಾಯಿಸುವವರು ಹಲವರಿದ್ದರು. ಆದರೂ ಇಗರ್ಜಿಯಿಂದ ಹೊರಬಿದ್ದ ಗಂಡಸರ ಕಾಲು ತಿರುಗುತ್ತಿದ್ದದ್ದು ವಿಧವೆ ಹಾವಿಸಳ ಮನೆಯ ಕಡೆಗೇ. ಆ ರುಚಿ ತಾಯಿ ಬಿಟ್ಟುಹೋದ ತಾಮ್ರದ ಹಂಡೆಯದು ಎಂದು ಅವಳ ನಂಬಿಕೆ. ನೀರು ಬೆರೆಸದ ಕೈಯದು ಎಂದು ನಮ್ಮದು.

ಆ ವರ್ಷ ಜಹಗೀರಿನ ದೊರೆ ವಾರಿನ್ ಸಮುದ್ರದಾಚೆಯಿಂದ ಹಿಂದಿರುಗಿದ. ರಾಜ ಅವನನ್ನು ಗಡೀಪಾರು ಮಾಡಿ, ಅವನಪ್ಪ ಸತ್ತ ಕೂಡಲೇ ಕೋಟೆ, ಕಾಡು, ಹೊಲಗಳನ್ನೆಲ್ಲ ತನ್ನ ಮೆಚ್ಚಿನವರಿಗೆ ಹಂಚಿಬಿಟ್ಟಿದ್ದ. ವಾರಿನ್ ದಂಡು ಕಟ್ಟಿದ. ಆ ದಂಡು ನಮ್ಮೂರನ್ನು ಹಾದುಹೋದಾಗ ಕೋಳಿಗಳು ಹೋದವು, ಹುಲ್ಲು ಹೋಯಿತು, ಹಾವಿಸಳ ಹಂಡೆಯೂ ಹೋಯಿತು.

"ಜೀವ ಉಳೀತಲ್ಲ, ಬಿಡು" ಎಂದರು ಊರವರು. ಅವಳು ತಲೆವಸ್ತ್ರ ಬಿಗಿದುಕೊಂಡು ದಂಡಿನ ಹಿಂದೆ ಹೊರಟಳು. ಹಂಡೆ ಅಡುಗೆಯ ಗಾಡಿಯಲ್ಲಿ ಸಿಕ್ಕಿತು. ಪಕ್ಕದಲ್ಲೇ ಅಡುಗೆಯವನು, ಹ್ಯಾಮೋ ಎಂಬ ದಢೂತಿ ಆಸಾಮಿ, ಈರುಳ್ಳಿ ಸುಲಿಯುತ್ತಿದ್ದ.

"ಇಳಿಸು ಅದನ್ನ. ನಂದು."

"ನಿಂದಾಗಿತ್ತು. ಈಗ ದೊರೆದು. ಬೇಕಾದ್ರೆ ಜೊತೇಲಿ ಬಾ. ರಾಜನ್ನ ಇಳಿಸಿದ್ಮೇಲೆ ಹಂಡೇನೂ ಇಳಿಸ್ತೀನಿ."

ತಮಾಷೆಗೆ ಹೇಳಿದ್ದ. ಅವಳು ಗಾಡಿಯ ಪಕ್ಕದಲ್ಲೇ ನಡೆಯತೊಡಗಿದಳು. ಸಂಜೆ ಅವನು ಬಟಾಣಿ ಗಂಜಿಯ ತಳ ಹಿಡಿಸಿದ.

"ಅಯ್ಯೋ ಪಾಪಿ, ನಮ್ಮಮ್ಮನ ಹಂಡೆ ಸುಡ್ತೀಯಲ್ಲೋ. ಕೊಡು ಆ ಸೌಟು."

ಅಲ್ಲಿಂದ ಮುಂದೆ ದಂಡಿಗೆ ಗಂಜಿ ಬೇಯಿಸಿದವಳು ಅವಳೇ.

ಯುದ್ಧ ಎನ್ನುವಂಥದ್ದು ನಡೆಯಲೇ ಇಲ್ಲ. ಪಟ್ಟಣಗಳು ತಾವಾಗಿಯೇ ಬಾಗಿಲು ತೆರೆದವು. ರಾಜನ ಸೈನಿಕರು ಅವನ ಗುರುತಿನ ಮೇಲಂಗಿ ಕಳಚಿ ಬಂದು ಗಂಜಿಯ ಸಾಲಿನಲ್ಲಿ ನಿಂತರು.

"ನಿನ್ನೆ ರಾಜನ ಕಡೆ ಇದ್ಯಲ್ಲೋ?" ಎಂದು ಹಾವಿಸ್ ಒಬ್ಬನನ್ನು ಕೇಳಿದಳು.

"ನಿನ್ನೆ ಅಲ್ಲಿ ಊಟ ಹಾಕ್ಲಿಲ್ಲ ಕಣಮ್ಮ."

ಒಂದು ಮಧ್ಯಾಹ್ನ ವಾರಿನ್ ದೊರೆಯೇ ಅಡುಗೆಯ ಹತ್ತಿರ ಬಂದ. ಗಂಜಿ ಕುಡಿದು, ಮೆಚ್ಚಿ, ಏನು ಬೇಕು ಕೇಳು ಎಂದ.

"ನನ್ನ ಹಂಡೆ, ಧಣಿ."

"ಯಾರು ಕಿತ್ಕೊಂಡ್ರು?"

"ನೀವೇ. ರಾಜ ನಿಮ್ಮಪ್ಪನ ಆಸ್ತಿ ಕಿತ್ಕೊಂಡ ಅಂತ ಇಷ್ಟು ಜನಾನ ಕಟ್ಕೊಂಡು ಬಂದ್ರಿ. ನಂಗೆ ನಮ್ಮಮ್ಮನಿಂದ ಬಂದಿದ್ದು ಇದೊಂದೇ. ದಂಡು ಕಟ್ಟೋ ಶಕ್ತಿ ಇರ್ಲಿಲ್ಲ, ಒಬ್ಳೇ ಬಂದೆ."

ದೊರೆಯ ಕಿವಿ ಕೆಂಪಾಯಿತು. ಆಮೇಲೆ ನಕ್ಕ, ಅವಳ ಮುಖ ಮಾತ್ರ ನೋಡಲಿಲ್ಲ. "ರಾಜ ಸಿಕ್ಕಿದ ದಿನ ಹಂಡೆ ನಿಂದು. ಹೊರೋಕೆ ಒಂದು ಕತ್ತೇನೂ ಕೊಡಿಸ್ತೀನಿ."

ರಾಜ ಬೆಟ್ಟದ ಮಳೆಯಲ್ಲಿ ಸಿಕ್ಕಿಬಿದ್ದ. ಅವನು ಎದುರಾದರೆ ಬೈಯಬೇಕೆಂದು ಹಾವಿಸ್ ದಾರಿಯುದ್ದಕ್ಕೂ ಮಾತು ಕೂಡಿಟ್ಟಿದ್ದಳು. ಕುದುರೆಯಿಂದ ಇಳಿಸಿದಾಗ ನೋಡಿದರೆ ತೊಯ್ದು ನಡುಗುವ ಒಬ್ಬ ಮನುಷ್ಯ, ಬಾಯಿ ಬಿಟ್ಟ ಬೂಟು. ಅವಳು ಬಟ್ಟಲು ತುಂಬಿಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದು, "ಉಪ್ಪು ಸಾಲ್ದು" ಎಂದ.

ಸೈನಿಕರು ಗೊಳ್ಳೆಂದರು.

"ಉಣ್ಣೋರನ್ನ ನೋಡಿ ನಗಬಾರ್ದು, ಹೋಗ್ರೋ ಆಚೆ" ಎಂದು ಗದರಿ, ಹಾವಿಸ್ ಉಪ್ಪು ಹಾಕಿ ಇನ್ನೊಂದು ಸೌಟು ಬಡಿಸಿದಳು.

ಕಿರೀಟ ರಾಜನ ಎಳೆಯ ಮಗನಿಗೆ ಹೋಯಿತು, ಅಧಿಕಾರ ವಾರಿನ್‌ಗೆ. ಹಂಡೆ ಕತ್ತೆಯ ಮೇಲೇರಿ ಊರಿಗೆ ಬಂತು. ಕತ್ತೆ ಹೆಂಗಸರ ಮಾತು ಕೇಳುವುದಿಲ್ಲ ಎಂಬ ನೆಪ ಹೇಳಿ ಹ್ಯಾಮೋ ಹಗ್ಗ ಹಿಡಿದು ಜೊತೆಗೇ ಬಂದ. ಬಂದವನು ಮರಳಲಿಲ್ಲ. ಸೇಬು ಕೀಳುವ ಹೊತ್ತಿಗೆ ಇಬ್ಬರ ಮದುವೆಯಾಯಿತು.

ಹಳೆಯ ರಾಜ ಸೆರೆಯಲ್ಲೇ ಸತ್ತ. ವಾರಿನ್ ತಾನೂ ಕಂಡವರ ಕೋಟೆಗಳನ್ನು ನುಂಗತೊಡಗಿದ. ಮೀಸೆ ಚಿಗುರಿದ ಹೊಸ ರಾಜ ಅವನನ್ನು ಹಿಡಿಸಿ ಗಲ್ಲಿಗೆ ಹಾಕಿಸಿದ. ಸುದ್ದಿ ಬಂದ ದಿನ ಹಾವಿಸ್ ಹೆಂಡ ಅಳೆಯುವುದನ್ನು ನಿಲ್ಲಿಸಿ ಇಗರ್ಜಿಗೆ ಹೋದಳು. ವಾರಿನ್‌ಗೊಂದು, ಸತ್ತ ರಾಜನಿಗೊಂದು ಮೇಣದಬತ್ತಿ ಹಚ್ಚಿ ಒಟ್ಟಿಗೆ ಇಟ್ಟಳು.

ಪಾದ್ರಿಗೆ ಕಸಿವಿಸಿಯಾಯಿತು. "ಅವರಿಬ್ಬರನ್ನ ಅಕ್ಕಪಕ್ಕ ಇಡ್ತೀಯೇನಮ್ಮ? ಜಗಳ ಆಡ್ತಾರೆ."

"ಆಡ್ಲಿ ಬಿಡಿ ಫಾದರ್. ಈಗ ಅವರಿಗೆ ಬೇರೆ ಕೆಲ್ಸ ಏನಿದೆ."