ಕಂಠದ ಮೇಲೆ ಹೆಸರಿದ್ದ ಬೋಗಾಣಿ

ನಮ್ಮ ಮನೆತನಕ್ಕೆ ಮೊದಲ ಬಿ.ಎ. ನಾನು. ಹೈದರಾಬಾದಿನಲ್ಲಿ ಇನ್ನೊಬ್ಬರ ಜಗಲಿಯ ಮೇಲೆ ಮಲಗಿ, ಇನ್ನೊಬ್ಬರ ಪುಸ್ತಕ ಓದಿ, ಪೂರಾ ಉರ್ದುವಿನಲ್ಲಿ ಪಾಸಾದವನು. ನಾನು ಪಾಸಾಗಿ ಬರುವಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಮುಗಿದಿತ್ತು. ಉರ್ದು ಓದಿದವನಿಗೆ ಕಚೇರಿಗಳಲ್ಲಿ ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದರು.

ಭಾಲ್ಕಿಯ ನಮ್ಮ ಮನೆಯ ಹಿತ್ತಾಳೆ ಪಾತ್ರೆಗಳನ್ನು ಅದಕ್ಕೂ ಮೊದಲೇ ರಜಾಕಾರರು ಹೊತ್ತೊಯ್ದಿದ್ದರು. ಆದರೂ ನಾನು ಪಾಸಾದದ್ದಕ್ಕೆ ಬಳಗಕ್ಕೆಲ್ಲ ಹುಗ್ಗಿ ಉಣಿಸಲೇಬೇಕೆಂದು ಅವ್ವನ ಹಟ. ಹುಗ್ಗಿ ಕುದಿಸಲು ಪಾತ್ರೆ ಬೇಕಲ್ಲ. ಇಬ್ಬರೂ ರೈಲು ಹತ್ತಿ ಬೀದರಿಗೆ ಹೋದೆವು.

ಬೀದರಿನ ಬಜಾರಿನಲ್ಲಿ ತಾಮ್ರಕ್ಕೆ ಬರವಿರಲಿಲ್ಲ. ಅಂಗಡಿ ಅಂಗಡಿಯಲ್ಲೂ ಕಲಾಯಿ ಹಾಕಿದ ಹಳೆಯ ಬೋಗಾಣಿಗಳು. ನಮ್ಮ ಕಡೆ ತಾಮ್ರದಲ್ಲಿ ಅಡುಗೆ ಮಾಡುವವರು ಮುಸಲ್ಮಾನರು. ಭಾರತದ ಫೌಜು ಬಂದ ಮೇಲೆ ಅವರ ಮನೆಗಳು ಹೇಗೆ ಬರಿದಾದವೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಕೇಳುವಷ್ಟು ಅಸಭ್ಯರು ಯಾರೂ ಇರಲಿಲ್ಲ.

ಅವ್ವ ಒಂದು ದೊಡ್ಡ ಬೋಗಾಣಿ ಎತ್ತಿ ಬೆರಳಿನಿಂದ ಬಡಿದು ನೋಡಿದಳು. ಕಂಠದ ಸುತ್ತ ಉರ್ದು ಅಕ್ಷರ ಕೊರೆದಿದ್ದರು. ಮದುವೆಯಲ್ಲಿ ಮಗಳಿಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ಅವರಲ್ಲೂ ಇತ್ತು, ನಮ್ಮಲ್ಲೂ ಇತ್ತು.

“ಏನ್ ಬರ್ದಾರ, ಓದು.”

ನನ್ನ ಬಿ.ಎ.ಗೆ ಸಿಕ್ಕ ಮೊದಲ ನೌಕರಿ ಅದು. ಓದಿದೆ. ಒಬ್ಬ ಹೆಣ್ಣುಮಗಳ ಹೆಸರು, ಪಕ್ಕದಲ್ಲಿ ಅವಳ ಅಪ್ಪನದು.

“ಈಗ ಉರ್ದು ಯಾರ್ ಓದ್ತಾರ್ರಿ ಅವ್ವಾರ,” ಅಂಗಡಿಯವ ನಕ್ಕ. “ತಿಕ್ಕಿಸಿ ಕೊಡ್ತೇನಿ, ನಿಮ್ಮ ಹೆಸರೇ ಹಾಕಸ್ರಿ.”

“ನನ್ನ ಬೋಗಾಣಿ ಮ್ಯಾಲಿನ ಹೆಸರೂ ಯಾರೋ ಹಿಂಗೇ ತಿಕ್ಕಿಸಿರಬೇಕು,” ಎಂದು ಅವ್ವ ಅದನ್ನು ಕೆಳಗಿಟ್ಟಳು. “ನಡಿ.”

ಕುಂಬಾರರ ಓಣಿಯಲ್ಲಿ ಮಣ್ಣಿನ ಗಡಿಗೆ ಕೊಂಡೆವು. ಭಾಲ್ಕಿಯವರೆಗೂ ಪದವೀಧರನ ತೊಡೆಯ ಮೇಲೆ ಗಡಿಗೆ ಕೂತಿತ್ತು.

ಊಟದ ದಿನ ಔರಾದಿನಿಂದ ಬಂದ ಕಾಕಾ ಒಲೆಯ ಕಡೆ ನೋಡಿದ. “ಬಿ.ಎ. ಮನಿ, ಗಡಿಗ್ಯಾಗ ಹುಗ್ಗಿ. ಬೀದರದಾಗ ತಾಮ್ರ ಮಣ್ಣಿನಂಗ ಬಿದ್ದದ ವೈನಿ, ಕಣ್ಣಿಗಿ ಬೀಳಲಿಲ್ಲೇನು?”

“ಬಿತ್ತರಿ. ಅದರ ಮ್ಯಾಲಿನ ಹೆಸರು ಇವ ಓದಿಬಿಟ್ಟ,” ಎಂದು ಅವ್ವ ಅವನ ತಾಟಿಗೆ ಹುಗ್ಗಿ ಸುರಿದಳು.

ಕಾಕಾ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ. ಕೈ ತೊಳೆಯುವಾಗ ನನ್ನನ್ನು ಬಚ್ಚಲ ಕಡೆ ಕರೆದು ದನಿ ತಗ್ಗಿಸಿದ.

“ನಮ್ಮ ಮನ್ಯಾಗೂ ಅಂಥಾದ್ದೇ ಒಂದ್ ಬೋಗಾಣಿ ಅದ. ಬಂದು ಓದ್ತಿಯೇನಪಾ? ನಿಮ್ಮ ಕಾಕುಗ ಹೇಳಬ್ಯಾಡ.”

ಈ ಎರಡನೆಯ ನೌಕರಿಗೂ ಸಂಬಳವಿರಲಿಲ್ಲ. ಔರಾದಿಗೆ ಹೋದೆ.