ನಾಗರಹಾವಿನ ಕಾಲು ಹುಡುಕಿದ್ದು

“ಎಂತ ಮಾಡುದು ಮಾರಾಯ! ಇಳಿಸು ಅದನ್ನು!”

ವೈರಿಂಗ್ ಕೆಲಸಕ್ಕೆಂದು ಕರಾವಳಿಯ ಕಾಪುವಿಗೆ ಬಂದು ಹತ್ತೇ ದಿನ. ಮನೆಯೊಡತಿ ಸುಜಾತಕ್ಕ ಹೀಗೆ ಕಿರುಚಿದಾಗ ನನ್ನ ವೈರಿಂಗ್ ಪೈಪಿನ ತುದಿಯಲ್ಲಿ ಸತ್ತ ನಾಗರಹಾವು ನೇತಾಡುತ್ತಿತ್ತು. ನಮ್ಮ ಬಾದಾಮಿ ಕಡೆ ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತೇವೆ ನಿಜ, ಆದರೆ ನಮ್ಮ ಓಣಿಯಲ್ಲಿ ಸತ್ತ ಹಾವನ್ನು ಬೇಲಿಯಾಚೆ ಎಸೆದು ಕೈ ತೊಳೆಯುವುದು ರೂಢಿ.

“ಕಾಲ ಹುಡುಕಾಕತ್ತಿದ್ನಿರೀ ಯಕ್ಕಾ.”

“ಹಾವಿಗೆ ಎಂತ ಕಾಲು? ನಾಗ ಅದು! ಸತ್ತದ್ದನ್ನು ಮೊದಲು ನೋಡಿದವರೇ ಅದರ ಸಂಸ್ಕಾರದ ಕ್ರಿಯೆ ಮಾಡಿಸ್ಬೇಕು, ಗೊತ್ತುಂಟಾ?”

ಗೊತ್ತಿರಲಿಲ್ಲ. ಘಟ್ಟದ ಮೇಲಿನವರಿಗೆ ರೂಮಿಲ್ಲ ಎಂದು ಮೂರು ಮನೆಯವರು ಕಳಿಸಿದ ಮೇಲೆ ಸಿಕ್ಕ ರೂಮಿದು. ಇದೂ ಹೋದರೆ ಮತ್ತೆ ಕೆಲಸದ ಕಟ್ಟಡದಲ್ಲೇ ಸಿಮೆಂಟ್ ಚೀಲ ಹಾಸಿಕೊಂಡು ಮಲಗಬೇಕು. ಕ್ರಿಯೆ ಮಾಡಿಸಲು ಸುಜಾತಕ್ಕ ಕರೆಸಿದ ಭಟ್ಟರು ಬರುವ ತನಕ ಅಂಗಳದಲ್ಲಿ ಸುಮ್ಮನೆ ನಿಲ್ಲಲಾಗಲಿಲ್ಲ. ಮೊಬೈಲಿನಲ್ಲಿ ಓದಿ ಕಲಿತದ್ದನ್ನೆಲ್ಲ ಸುಜಾತಕ್ಕನಿಗೆ ಒದರಿದೆ.

ಹೆಬ್ಬಾವಿಗೆ ಇನ್ನೂ ಉಗುರಿನಷ್ಟು ಕಾಲಿನ ಗುರುತಿದೆ, ನಾಗರಕ್ಕೆ ಅದೂ ಇಲ್ಲ. ಹಾಗಂತ ಕಾಲು ಬೆಳೆಸುವ ಜೀನ್ ಕಳೆದುಹೋಗಿಲ್ಲ, ಮೈಯ ಬೇರೆ ಕೆಲಸಗಳಿಗೂ ಅದೇ ಬೇಕು. ಅದನ್ನು ಕಾಲಿನ ಜಾಗದಲ್ಲಿ ಆನ್ ಮಾಡುವ ಚಿಕ್ಕ ಡಿಎನ್‌ಎ ತುಂಡು ಮಾತ್ರ ಕೆಟ್ಟಿದೆ. ಮನೆಗೆಲ್ಲ ಕರೆಂಟಿದ್ದು ಒಂದು ಕೋಣೆಯ ಸ್ವಿಚ್ ಹೋದ ಹಾಗೆ. ಇಲಿಯಲ್ಲಿ ಆ ತುಂಡಿನ ಬದಲು ಹಾವಿನದನ್ನು ವಿಜ್ಞಾನಿಗಳು ಜೋಡಿಸಿದಾಗ ಮೊಳಕೆಯಂಥ ಕಾಲಷ್ಟೇ ಬಂದವಂತೆ! ಒಂದು ಜೀವಿ ಇನ್ನೊಂದರಿಂದ ಬೇರೆಯಾಗಲು ಹೊಸ ಜೀನೇ ಬೇಕೆಂದಿಲ್ಲ. ಹಳೆಯದು ಎಲ್ಲಿ, ಯಾವಾಗ ಆನ್ ಆಗುತ್ತದೆ ಎಂಬುದು ಬದಲಾದರೂ ಸಾಕು.

“ಆಯ್ತು ಮಾರಾಯ. ಹಾವಿನ ಸ್ವಿಚ್ ಇರಲಿ, ನನ್ನ ಬಚ್ಚಲಿನದ್ದು ಯಾವಾಗ ಸರಿ ಮಾಡುದು?”

ಭಟ್ಟರು ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾರು ಮೊದಲು ನೋಡಿದ್ದು? ಇವರಾ? ಎಲ್ಲಿಯವರು?”

ನಾನು ಪೈಪನ್ನು ಬೆನ್ನ ಹಿಂದೆ ಸರಿಸಿದೆ.

“ನಮ್ಮ ಮನೆಯವನೇ ಭಟ್ರೇ,” ಎಂದರು ಸುಜಾತಕ್ಕ.

ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಹಾವಿನ ಪುಟ್ಟ ಚಿತೆಯ ಮುಂದೆ ಕೈಮುಗಿದು ನಿಂತೆ. ಯಾರ ಸಾವಿಗೂ ಹಾಗೆ ನಿಂತವನಲ್ಲ ನಾನು.

ಸಂಜೆ ಬಚ್ಚಲಿನ ಸ್ವಿಚ್ ಬಿಚ್ಚುತ್ತಿದ್ದಾಗ ಅವ್ವ ಫೋನ್ ಮಾಡಿದಳು.

“ಎಲ್ಲಿ ಅದೀಯೋ?”

“ಮನ್ಯಾಗಬೇ.”

“ಯಾರ ಮನ್ಯಾಗ?”

ಬಿಚ್ಚಿದ ಸ್ವಿಚ್ ಕೈಯಲ್ಲೇ ಇತ್ತು. “ನಮ್ಮ ಸುಜಾತಕ್ಕನ ಮನ್ಯಾಗಬೇ,” ಎಂದು ಹೊಸ ಸ್ವಿಚ್ ಕೂರಿಸತೊಡಗಿದೆ.