ತಲೆಕೆಳಗಾದ ಕಸಿ

ತೆಲಸಂಗದ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಸಭಾಪಾಲಕರು ತಿಂಗಳಿಗೊಮ್ಮೆ ಅಥಣಿಯಿಂದ ಬರುತ್ತಾರೆ. ಉಳಿದ ಭಾನುವಾರಗಳಲ್ಲಿ ಶಾಸ್ತ್ರವನ್ನು ಓದಿ ಅರ್ಥ ಹೇಳುವ ಹೊಣೆ ನಿವೃತ್ತ ಕನ್ನಡ ಮಾಸ್ತರನಾದ ನನ್ನದು. ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿ ರೂಢಿಯಾದವನಿಗೆ ಬೈಬಲಿನಲ್ಲಿರುವ ಅಪೊಸ್ತಲನ ಪತ್ರಗಳು ಕಠಿಣವೆನಿಸಲಿಲ್ಲ. ಅದೇ ನನಗೆ ಮುಳುವಾಯಿತು.

ಯೆಹೂದ್ಯರ ರಕ್ಷಣೆಯನ್ನು ಕುರಿತು ಬರೆಯುತ್ತ ಅಪೊಸ್ತಲನು ಎಣ್ಣೆಮರದ, ಅಂದರೆ ಆಲಿವ್ ಮರದ, ಹೋಲಿಕೆ ಕೊಡುತ್ತಾನೆ. ನಂಬದ ಯೆಹೂದ್ಯರೆಂಬ ಅದರ ಕೆಲವು ಕೊಂಬೆಗಳು ಮುರಿದುಹೋದವು. ಅನ್ಯಜನರಾದ, ಅಂದರೆ ಯೆಹೂದ್ಯರಲ್ಲದ, ನಮ್ಮನ್ನು ಅದಕ್ಕೆ ಕಸಿ ಕಟ್ಟಲಾಯಿತು. ಎಣ್ಣೆಮರವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ದ್ರಾಕ್ಷಿಯ ಕಸಿಯನ್ನು ಎಲ್ಲರೂ ಬಲ್ಲರು. ಹಾಗಾಗಿ ನಾನು ದ್ರಾಕ್ಷಿಯನ್ನೇ ಉದಾಹರಿಸುತ್ತಿದ್ದೆ. ಕೆಳಗೆ ಕಾಡುಬಳ್ಳಿಯ ಬೇರು, ಅದು ಹಳೆಯ ಒಡಂಬಡಿಕೆಯ ಜನರಾದ ಯೆಹೂದ್ಯರು. ಮೇಲೆ ಸಿಹಿತಳಿಯ ಕಡ್ಡಿ, ಅದು ನಾವು. ಕಸಿಯ ಗಂಟಿನ ಕೆಳಗೆ ಆ ಬೇರಿನಿಂದ ಚಿಗುರಿದ್ದನ್ನು ಚಿವುಟಿ ಹಾಕಬೇಕು. ಜನ ತಲೆಯಾಡಿಸುತ್ತಿದ್ದರು.

ಹೋದ ವರ್ಷ ಇದೇ ಪಾಠ ಮುಗಿಸಿ ಹೊರಬಂದಾಗ ಹೆಣ್ಣುಮಗಳೊಬ್ಬಳು ನನಗಾಗಿ ನಿಂತಿದ್ದಳು. ಪಾಲಬಾವಿಯಿಂದ ಹೊಸದಾಗಿ ನಮ್ಮ ಸಭೆಯ ಮನೆಯೊಂದಕ್ಕೆ ಸೊಸೆಯಾಗಿ ಬಂದವಳು. ತೋಟಗಳಲ್ಲಿ ಕಸಿ ಕಟ್ಟುವುದೇ ಅವಳ ಕೆಲಸ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಸತ್ಯವೇದದಾಗ ಕಾಡುಕೊಂಬಿ ಯಾವುದ್ರಿ?"

"ನಾವs, ತಾಯಿ."

"ಬೇರು?"

"ಒಳ್ಳೆ ಮರದ್ದು." ಹೇಳುವಾಗಲೇ ನನ್ನ ದನಿ ಇಳಿಯಿತು.

"ಅಂದ್ರ ನೀವು ಹೇಳಿದ್ದು ಉಲ್ಟಾ ಆತಲ್ರಿ. ಅಲ್ಲಿ ಬರದಂಗ ನಾ ಒಳ್ಳೆ ಬೇರಿಗೆ ಕಾಡುಕೊಂಬಿ ಕಲಂ ಕಟ್ಟಿದ್ರ ಮಾಲಕ ನಾಳೆ ತ್ವಾಟಕ್ಕ ಬರಬ್ಯಾಡ ಅಂತಾನ." ನಕ್ಕಳು. "ನಾವು ಬದುಕಿದ್ದು ಅವರ ಬೇರಿನ ಮ್ಯಾಲಲ್ರಿ?"

ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಓದಿದೆ. ಮುರಿದ ಕೊಂಬೆಗಳೆದುರು ಜಂಬಪಡಬೇಡ, ನಿನ್ನನ್ನು ಹೊತ್ತಿರುವುದು ಬೇರು ಎಂದಿದೆ. ಮುರಿದವನ್ನು ದೇವರು ತಿರುಗಿ ಕಸಿ ಕಟ್ಟಬಲ್ಲನು, ಕೊಟ್ಟ ಕರೆಯನ್ನು ಹಿಂತೆಗೆದುಕೊಳ್ಳನು ಎಂದಿದೆ. ಈ ಮಾತುಗಳನ್ನೆಲ್ಲ ಪ್ರತಿ ಸಲವೂ ಗಟ್ಟಿಯಾಗಿ ಓದಿದ್ದವನು ನಾನೇ.

ಆಗ ನರ್ಸಬಾಯಿಯವರ ನೆನಪಾಗಿ ಕುಳಿತಲ್ಲಿ ಕೂರಲಾಗಲಿಲ್ಲ. ನಾನು ನಿಪ್ಪಾಣಿಯಲ್ಲಿ ಮಾಸ್ತರನಾಗಿದ್ದಾಗ ಅವರು ನೆರೆಮನೆಯವರು. ಕೊಂಕಣದ, ಮರಾಠಿ ಮಾತಿನ ಯೆಹೂದ್ಯ ಮನೆತನ. ಶನಿವಾರ ಅವರ ವಿಶ್ರಾಂತಿಯ ದಿನ, ಒಲೆ ಹೊತ್ತಿಸುತ್ತಿರಲಿಲ್ಲ. ನನ್ನ ಹೆಂಡತಿಯ ಎರಡೂ ಹೆರಿಗೆಗಳನ್ನು ಮಾಡಿಸಿದ್ದು ಅವರೇ. ತಮ್ಮ ತಂದೆ ತೀರಿಕೊಂಡ ತಿಂಗಳಲ್ಲಿ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಕುಳಿತು ಕೇಳಿದ್ದರು: "ನಿಮ್ಮ ಶಾಸ್ತ್ರದಾಗ ನಮ್ಮ ಅಪ್ಪಾಗ ಜಾಗಾ ಐತೇನ್ರಿ ಮಾಸ್ತರ?" ನಾನು ಆಗಲೇ ರೂಢಿಯಾಗಿದ್ದ ದ್ರಾಕ್ಷಿಯ ಪಾಠವನ್ನು ಚಿವುಟುವವರೆಗೂ ಬಿಡದೆ ಹೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಿವೃತ್ತರಾಗಿ ಮಗಳ ಊರಿಗೆ ಹೋಗುವ ತನಕ ಆ ವಿಷಯ ಮತ್ತೆ ಎತ್ತಲಿಲ್ಲ.

ಅವರ ನಂಬರು ಹುಡುಕಿ ಫೋನ್ ಮಾಡಿದೆ. "ಬಾಯಾರ, ನಾನ್ರಿ, ನಿಪ್ಪಾಣಿ ಮಾಸ್ತರ."

"ಯಾವ ಮಾಸ್ತರ? ಚಿಗರ ಚಿವುಟೂ ಮಾಸ್ತರೇನು?"

ತಪ್ಪನ್ನು ಒಂದೊಂದಾಗಿ ಒಪ್ಪಿಕೊಂಡೆ. ಕೊನೆಗೆ ಅವರು, "ಬರಂ, ಆತು. ಈಗ ಹೇಳ್ರಿ, ಅಪ್ಪಾಗ ಜಾಗಾ ಐತೋ ಇಲ್ಲೋ?" ಎಂದರು.

"ಇಸ್ರಾಯೇಲ್ಯರೆಲ್ಲರಿಗೂ ರಕ್ಷಣೆ ಅಂತ ಅಪೊಸ್ತಲ ಬರದಾನ್ರಿ. ನಂಬದ ಕೊಂಬಿ ಮುರದಾವ ಅಂತನೂ ಬರದಾನ. ಎರಡೂ ಹ್ಯಾಂಗ ಕೂಡತಾವ, ಆ ಎಲ್ಲಾರೊಳಗ ಯಾರ್ಯಾರ ಅದಾರ, ನನಗ ತಿಳಿದಿಲ್ರಿ. ದೇವರು ನಿಮ್ಮವರನ್ನ ಕೈ ಬಿಟ್ಟಿಲ್ಲ. ಇಷ್ಟ ಹೇಳಬಲ್ಲೆ."

"ಅವತ್ತು ಇಷ್ಟ ಹೇಳಿದ್ರ ಸಾಕಿತ್ತು," ಎಂದರು. ಮುಂದುವರಿದು ಕೇಳಿದರು: "ನನಗ ಹೇಳಿದ್ದು ಒಬ್ಬಾಕಿಗೆ. ನಿಮ್ಮ ಸಭೆದಾಗ ಎಷ್ಟ ಮಂದಿಗೆ ಹೇಳೀರಿ?"

ಮುಂದಿನ ಭಾನುವಾರ ಸಭೆಯ ಮುಂದೆ ಎಲ್ಲವನ್ನೂ ಹೇಳಿದೆ. ಮುದುಕರೊಬ್ಬರು ಎದ್ದು ನಿಂತರು. "ನಮ್ಮ ಮಕ್ಕಳು ಅದನ್ನs ಕಲ್ತು ಎಲ್ಲೆಲ್ಲೋ ಹೋಗ್ಯಾರ. ಅವರಿಗೆ ಯಾರ ಹೇಳಬೇಕ್ರಿ?"

ಅಂದಿನಿಂದ ನೆನಪಾದವರಿಗೆಲ್ಲ ಫೋನ್ ಮಾಡುತ್ತಿದ್ದೇನೆ. ಕೆಲವರು ಭಕ್ತಿಯಿಂದ ಕೇಳಿಕೊಳ್ಳುತ್ತಾರೆ. ಕೆಲವರಿಗೆ ಆ ಪಾಠವೇ ನೆನಪಿಲ್ಲ. ನನ್ನ ಬಳಿ ಬಹಳ ಚೆನ್ನಾಗಿ ಓದಿದ ಶಿಷ್ಯನೊಬ್ಬ, ಈಗ ಬೇರೊಂದು ಸಭೆಯಲ್ಲಿ ಬೋಧಿಸುತ್ತಿರುವವನು, ಪೂರ್ತಿ ಕೇಳಿಸಿಕೊಂಡು ವಿನಯದಿಂದಲೇ ಅಂದ: "ಮೊದಲ ಹೇಳಿದ್ದs ಸರಿ ಇತ್ರಿ ಸರ್. ಮಂದಿಗೆ ಅದು ಲಗೂನ ತಿಳೀತೈತಿ."